ಕ್ವಿಜ್ಜಿಗೆ ಬೆಲೆ ಕಟ್ಟುವ ಮಾವ

ನಮ್ಮ ಸೋದರಮಾವನಿಗೆ ಕ್ವಿಜ್ಜಿನ ಒಂದು ಪ್ರಶ್ನೆಗೂ ಉತ್ತರ ಗೊತ್ತಿಲ್ಲ. ಒಂದು ಅಂದರೆ ಒಂದು! ಆದರೆ ಟಿವಿಯಲ್ಲಿ ಬರುವ ಶಾಲಾ ಮಕ್ಕಳ ಕ್ವಿಜ್ಜಿನಲ್ಲಿ ಯಾವ ಟೀಮು ಗೆಲ್ಲುತ್ತದೆ, ಯಾವುದು ಮುಗ್ಗರಿಸುತ್ತದೆ ಎಂದು ಹೇಳುವುದರಲ್ಲಿ ಅವರನ್ನು ಮೀರಿಸುವವರು ಇಡೀ ಚಾಮರಾಜಪೇಟೆಯಲ್ಲಿ ಯಾರೂ ಇಲ್ಲ. ಬೇಕಾದರೆ ಬಸವನಗುಡಿಯನ್ನೂ ಸೇರಿಸಿಕೊಳ್ಳಿ. ಮಲ್ಲೇಶ್ವರದ ವಿಷಯ ನಾನು ಮಾತಾಡುವುದಿಲ್ಲ, ಅಲ್ಲಿಯವರು ಅಷ್ಟು ಸುಲಭಕ್ಕೆ ಏನನ್ನೂ ಒಪ್ಪುವುದಿಲ್ಲ.

ಉತ್ತರವೇ ಗೊತ್ತಿಲ್ಲದವರು ಟೀಮಿನ ಭವಿಷ್ಯ ಹೇಗೆ ಹೇಳುತ್ತಾರೆ ಎಂದು ನಿಮಗೆ ಅನ್ನಿಸಿರಬಹುದು. ಎದುರು ಮನೆಯ ಮೇಷ್ಟ್ರಿಗೂ ಹಾಗೇ ಅನ್ನಿಸಿ, ಕೇಳಿಯೇಬಿಟ್ಟರು.

"ಅಲ್ಲಾ ಸಾಹುಕಾರ್ರೇ, ಒಂದು ಪ್ರಶ್ನೆಗಾದ್ರೂ ನಿಮಗೆ ಉತ್ತರ ಬರುತ್ತೇನ್ರೀ?"

"ಮೇಷ್ಟ್ರೇ, ನಲವತ್ತು ವರ್ಷ ಟೊಮೇಟೊ ಮಾರಿದೀನಿ. ಟೊಮೇಟೊ ಹೆಂಗಿದೆ ಅಂತ ಹೇಳೋಕೆ ನಾನೇ ಟೊಮೇಟೊ ಗಿಡ ಆಗ್ಬೇಕಾ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮನೆಗೆ ಹೋದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವರಿಗೆ ಎಂಥಾ ಮಾತು!

ಮಾವ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟಿದ್ದವರು, ಅಂದರೆ ಲಾರಿಗಟ್ಟಲೆ ತರಿಸಿ ಸಗಟಾಗಿ ಮಾರುವವರು. ಮಂಡಿಯನ್ನು ಮಗನ ಕೈಗೆ ಕೊಟ್ಟು ಮನೆಯಲ್ಲಿ ಕೂತರೂ ಬೆಲೆ ಕಟ್ಟುವ ಚಟ ಮಾತ್ರ ಅವರನ್ನು ಬಿಡಲಿಲ್ಲ. ಮೊದಲು ಧಾರಾವಾಹಿಗಳಿಗೆ ಬೆಲೆ ಕಟ್ಟಿದರು. "ಈ ಅತ್ತೆ ಇನ್ನೆರಡು ವಾರ ತಡೀತಾಳೆ ಅಷ್ಟೆ" ಎಂದರೆ ಮುಗಿಯಿತು, ಆಕೆ ಎರಡೇ ವಾರಕ್ಕೆ ಹಾರ ಹಾಕಿದ ಫೋಟೋ ಆಗಿ ಗೋಡೆ ಸೇರುತ್ತಿದ್ದಳು. ಅದರಲ್ಲಿ ಮಜಾ ಸಾಲದೆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯ ಕ್ವಿಜ್ಜಿಗೆ ಬಂದು ನಿಂತರು.

ಒಂದೊಂದು ಶಾಲೆಯಿಂದ ಮೂರು ಮೂರು ಮಕ್ಕಳ ಟೀಮು. ಮೊದಲ ಸುತ್ತುಗಳನ್ನು ಮಾವ ತಿರುಗಿಯೂ ನೋಡುವುದಿಲ್ಲ. "ಮೊದಲ್ನೇ ಕೊಯ್ಲು ನೋಡ್ಕೊಂಡು ತೋಟಕ್ಕೆ ಬೆಲೆ ಹೇಳೋನು ಮನೆ ಮಾರ್ಕೋತಾನೆ ಕಣೇ" ಎನ್ನುತ್ತಾರೆ. ಅವರ ಬೆತ್ತದ ಕುರ್ಚಿ ಟಿವಿಯ ಮುಂದೆ ಬರುವುದು ಕ್ವಾರ್ಟರ್ ಫೈನಲ್ಲಿಗೆ. ಆಮೇಲೆ ನೋಡಬೇಕು ಅವರ ಸಂಭ್ರಮ! ಬೆಳಿಗ್ಗೆ ಏಳಕ್ಕೇ ಸ್ನಾನ, ಹಣೆಗೆ ವಿಭೂತಿ, ಹೆಗಲಿಗೆ ಇಸ್ತ್ರಿ ಮಾಡಿದ ಟವೆಲ್, ಮತ್ತೆ ಎರಡೂ ಕಿವಿಗೆ ಹತ್ತಿ!

ಹೌದು, ಹತ್ತಿ. ಕ್ವಿಜ್ಜನ್ನು ಅವರು ಕೇಳುವುದಿಲ್ಲ, ನೋಡುತ್ತಾರೆ. ಮೊದಮೊದಲು ಟಿವಿಯ ಸೌಂಡನ್ನೇ ಬಂದ್ ಮಾಡುತ್ತಿದ್ದರು. ನೋಡಲು ಬಂದ ನಾವೆಲ್ಲ ಬಾಯಿ ಬಡಿದುಕೊಂಡಾಗ ಈ ರಾಜಿ ಆಯಿತು. "ಮಾಲು ನೋಡೋವಾಗ ಮಾತು ಕೇಳಬಾರದು. ಮಾತು ಕೇಳಿದೋನು ಕೆಟ್ಟ" ಎನ್ನುವುದು ಮಂಡಿಯ ಪಾಠವಂತೆ.

ಟವೆಲ್ ಯಾತಕ್ಕೆ ಅಂತೀರಾ? ಹಳೆಯ ವ್ಯಾಪಾರಸ್ಥರು ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ಒಬ್ಬರ ಕೈಯನ್ನೊಬ್ಬರು ಹಿಡಿದು, ಬೆರಳು ಒತ್ತಿ ಹೇಳುತ್ತಿದ್ದರು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು. ಮಾವ ಕ್ವಿಜ್ಜಿಗೂ ಅದೇ ಕಾನೂನು ತಂದರು. ಟೀಮಿನ ಭವಿಷ್ಯ ಬೇಕಾದವರು ಒಬ್ಬೊಬ್ಬರಾಗಿ ಬಂದು ಟವೆಲಿನ ಕೆಳಗೆ ಕೈ ಚಾಚಬೇಕು. ಐದು ಬೆರಳು ಹಿಡಿದರೆ ಗೆದ್ದ ಹಾಗೆ. ಒಂದೇ ಹಿಡಿದರೆ ಆ ಮಕ್ಕಳು ಬ್ಯಾಗು ಕಟ್ಟಿಕೊಳ್ಳಬಹುದು. ಅತ್ತೆ ಒಂದು ಭಾನುವಾರ ಎಲ್ಲರ ಮುಂದೆ ಕೇಳಿದರು, "ಮದುವೆಗೆ ಮುಂಚೆ ನನಗೆ ಎಷ್ಟು ಬೆರಳು ಕೊಟ್ಟಿದ್ರಿ?"

"ನಿನ್ನ ನೋಡೋಕೆ ಬಂದ ದಿನ ಗಾಬರೀಲಿ ಟವೆಲ್ಲೇ ಬಿಟ್ಟು ಬಂದಿದ್ದೆ" ಎಂದರು ಮಾವ. ಅವತ್ತು ಎಲ್ಲರಿಗೂ ಎರಡನೇ ಸಲ ಕಾಫಿ ಬಂತು.

ಇನ್ನೊಂದು ಕಡೆ ನಮ್ಮ ಮೇಷ್ಟ್ರು. ಅವರದು ನೋಟ್ ಬುಕ್ಕು. ಯಾವ ಟೀಮು ಯಾವ ಸುತ್ತಿನಲ್ಲಿ ಎಷ್ಟು ಅಂಕ, ವಿಜ್ಞಾನದಲ್ಲಿ ಎಷ್ಟು, ಇತಿಹಾಸದಲ್ಲಿ ಎಷ್ಟು, ಎಲ್ಲ ಕೆಂಪು ನೀಲಿ ಪೆನ್ನಿನಲ್ಲಿ ಬರೆದಿಟ್ಟು, ಗೆರೆ ಎಳೆದು, ಕೂಡಿ ಭಾಗಿಸಿ ಭವಿಷ್ಯ ಹೇಳುತ್ತಿದ್ದರು. ಪಾಪ, ಅಷ್ಟೆಲ್ಲಾ ಮಾಡಿಯೂ ನಾಲ್ಕರಲ್ಲಿ ಎರಡು ತಪ್ಪುತ್ತಿತ್ತು. ಮಾವನದು ಒಂದೂ ತಪ್ಪಿದ್ದಿಲ್ಲ.

ಒಂದು ಕ್ವಾರ್ಟರ್ ಫೈನಲ್ಲಿಗೆ ಕೋಟು ಟೈ ಹಾಕಿದ ಒಂದು ಟೀಮು ಬಂತು. ಅದರ ಕ್ಯಾಪ್ಟನ್ ಹುಡುಗ ಇದ್ದನಲ್ಲ, ಅವನು ಮನುಷ್ಯನೋ ಮೊಬೈಲೋ ಅಂತ ನನಗೇ ಅನುಮಾನ! ಪ್ರಶ್ನೆ ಮುಗಿಯುವ ಮೊದಲೇ ಬಜರ್ ಒತ್ತಿ ಉತ್ತರ ಹೇಳುತ್ತಿದ್ದ. ಮೇಷ್ಟ್ರು ನೋಟ್ ಬುಕ್ಕು ಮುಚ್ಚಿ, "ಇವರೇ ಕಪ್ ಎತ್ತೋದು, ಬರ್ದಿಟ್ಕೊಳ್ಳಿ" ಎಂದರು. ನಾನು ಟವೆಲಿನ ಕೆಳಗೆ ಕೈ ಹಾಕಿದೆ. ಮಾವ ಹಿಡಿದದ್ದು ಒಂದೇ ಬೆರಳು, ಅದೂ ಕಿರುಬೆರಳು.

"ಮಾವ, ಸರಿಯಾಗಿ ನೋಡಿದ್ರಾ?"

"ನೀವೆಲ್ಲ ಕ್ರೇಟಿನ ಮೇಲಿನ ಸಾಲು ನೋಡ್ತಿದೀರ. ಮೇಲಿನ ಸಾಲಲ್ಲಿ ಒಳ್ಳೇದು ಯಾರಾದ್ರೂ ಜೋಡಿಸ್ತಾರೆ. ಕೆಳಗಿನ ಸಾಲು ನೋಡು. ಆ ಇಬ್ಬರು ಹುಡುಗರು ಶುರುವಿನಿಂದ ಒಂದು ಸಲಾನಾದ್ರೂ ಪ್ರಶ್ನೆ ಕೇಳೋರ ಮುಖ ನೋಡಿದಾರಾ? ಬರೀ ಕ್ಯಾಪ್ಟನ್ ಮುಖ ನೋಡ್ತಿದಾರೆ."

ನಾಲ್ಕನೆಯದು ಒಂಟಿ ಸುತ್ತು. ಅದರಲ್ಲಿ ಪ್ರತಿಯೊಬ್ಬರೂ ಜೊತೆಯವರನ್ನು ಕೇಳದೆ ಒಬ್ಬರೇ ಉತ್ತರಿಸಬೇಕು. ಎರಡನೆಯ ಹುಡುಗ ನಂದಿ ಬೆಟ್ಟದಲ್ಲಿ ಕಾವೇರಿಯನ್ನು ಹುಟ್ಟಿಸಿದ. ಮೂರನೆಯವನು ಬಾಯೇ ಬಿಡಲಿಲ್ಲ. ಕಪ್ ಎತ್ತಬೇಕಾದವರು ಬ್ಯಾಗು ಎತ್ತಿಕೊಂಡು ಹೋದರು. ಅವತ್ತು ಮಾವ ಬೆತ್ತದ ಕುರ್ಚಿಯಿಂದ ಎದ್ದು ನಿಂತು ಶಪಥ ಮಾಡಿದರು: "ಮೇಷ್ಟ್ರೇ, ನಂದು ಒಂದೇ ಒಂದು ಸಲ ತಪ್ಪಾದ್ರೂ ಈ ಕುರ್ಚಿ ನಿಮಗೆ ಬಿಟ್ಕೊಡ್ತೀನಿ. ನಾನು ನೆಲದ ಮೇಲೆ ಕೂತು ನೋಡ್ತೀನಿ!"

ಮಾತು ಬೀದಿಗೆಲ್ಲ ಹರಡಿತು. ಜನ ಮನೆಗೇ ಹುಡುಕಿಕೊಂಡು ಬರತೊಡಗಿದರು. ಒಬ್ಬಾಕೆ ಎಸ್ಸೆಸ್ಸೆಲ್ಸಿ ಓದುವ ಮಗನನ್ನು ಎಳೆದುಕೊಂಡು ಬಂದು, "ಇವನಿಗೆ ಎಷ್ಟು ಬೆರಳು ಹೇಳ್ಬಿಡಿ ಯಜಮಾನ್ರೇ, ಟ್ಯೂಷನ್ನಿಗೆ ಹಾಕೋದಾ ಬಿಡೋದಾ ಅಂತ ನೋಡ್ತೀನಿ" ಎಂದಳು. ಮಾವ ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದರು, "ಇವನು ಸೊಪ್ಪಿನ ಜಾತಿ ತಾಯೀ. ಬೆಳಿಗ್ಗೆ ಫ್ರೆಶ್ಶು, ಮಧ್ಯಾಹ್ನಕ್ಕೆ ಬಾಡ್ತಾನೆ. ಸಾಯಂಕಾಲದ ಟ್ಯೂಷನ್ ದಂಡ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓದ್ಸಿ." ಆ ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಈಗಲೂ ಮಾವನನ್ನು ಕಂಡರೆ ರಸ್ತೆ ದಾಟಿ ಆ ಕಡೆ ಹೋಗಿಬಿಡುತ್ತಾನೆ. ಐದು ಗಂಟೆಗೆ ಎಬ್ಬಿಸಿದ್ದರ ಸಿಟ್ಟು ಇನ್ನೂ ಇಳಿದಿಲ್ಲ.

ಹೀಗಿರುವಾಗ ನಮ್ಮ ಮನೆಯದೇ ಮಾಲು ಮಾರ್ಕೆಟ್ಟಿಗೆ ಬಂತು! ನನ್ನ ಮಗಳು ಸಿಂಚನ, ಒಂಬತ್ತನೇ ಕ್ಲಾಸು, ಶಾಲೆಯ ಕ್ವಿಜ್ ಟೀಮಿಗೆ ಸೇರಿದಳು. ಮೂವರಲ್ಲಿ ಮೂರನೆಯವಳು. ನಾವಿರುವುದು ಮಾವನ ಮನೆಯ ಮೇಲಿನ ಮಹಡಿಯಲ್ಲಿ. ಅವಳು ಹುಟ್ಟಿದಾಗಿನಿಂದ ಅರ್ಧ ದಿನ ಕೆಳಗೇ ಬೆಳೆದವಳು. ನನ್ನ ಮಾವ ಅವಳಿಗೆ ತಾತ. ಟೀಮು ಒಂದೊಂದೇ ಸುತ್ತು ಗೆಲ್ಲುತ್ತಾ ಕ್ವಾರ್ಟರ್ ಫೈನಲ್ಲಿಗೆ ಬಂದಾಗ ಬೀದಿಗೆ ಬೀದಿಯೇ ಕುಣಿಯಿತು. ಇಸ್ತ್ರಿ ಅಂಗಡಿಯವನು ಅವಳ ಯೂನಿಫಾರ್ಮಿಗೆ ದುಡ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ.

ಕ್ವಾರ್ಟರ್ ಫೈನಲ್ಲಿನ ಶೂಟಿಂಗಿಗೆ ಮಾವನನ್ನೂ ಕರೆದುಕೊಂಡು ಹೋಗಿದ್ದೆವು. ಅದು ನಾವು ಮಾಡಿದ ತಪ್ಪು. ಕಿವಿಯಲ್ಲಿ ಹತ್ತಿ ಇದ್ದದ್ದರಿಂದ ತಾವೆಷ್ಟು ಜೋರಾಗಿ ಮಾತಾಡುತ್ತಿದ್ದೇವೆಂದು ಅವರಿಗೇ ಗೊತ್ತಾಗಲಿಲ್ಲ. ಇಡೀ ಸ್ಟುಡಿಯೋ ಉಸಿರು ಬಿಗಿಹಿಡಿದು ಕೂತಿದ್ದಾಗ ನನ್ನ ಕಿವಿಯಲ್ಲಿ ಗುಟ್ಟು ಹೇಳುವವರಂತೆ ಬಗ್ಗಿ, "ಆ ಕಡೆ ಟೀಮು ಕೊಳೆತೋಯ್ತು ಕಣೇ!" ಎಂದು ಮಂಡಿಯಲ್ಲಿ ಕೂಗುವ ಹಾಗೆ ಕೂಗಿದರು. ಕ್ಯಾಮೆರಾಗಳು ನಿಂತವು. ಆ ಕಡೆಯ ಟೀಮಿನ ತಾಯಂದಿರು ತಿರುಗಿ ನೋಡಿದರು. ಒಬ್ಬ ಸಭ್ಯ ಹುಡುಗ ಬಂದು, "ಸರ್, ನೀವು ಹೊರಗೆ ಬಂದು ಕಾಫಿ ಕುಡೀರಿ" ಎಂದು ಕೈ ಹಿಡಿದು ಕರೆದುಕೊಂಡು ಹೋದ. ಗೆದ್ದ ಖುಷಿಯಲ್ಲಿ ನಾವು ಹೊರಗೆ ಓಡಿ ಬಂದರೆ ಮಾವ, "ಗೆಲ್ತಾರೆ ಅಂತ ಗೊತ್ತಿತ್ತು ಬಿಡು. ಕಾಫಿ ಮಾತ್ರ ಫಸ್ಟ್ ಕ್ಲಾಸ್" ಎಂದರು.

ಸೆಮಿಫೈನಲ್ ಹತ್ತಿರ ಬಂತು. ಎದುರಾಳಿಗಳು ಗಟ್ಟಿ ಎಂದು ಮೇಷ್ಟ್ರ ನೋಟ್ ಬುಕ್ಕು ಹೇಳುತ್ತಿತ್ತು. ಸಿಂಚನ ದಿನಾ ಸಾಯಂಕಾಲ ತಾತನ ಮುಂದೆ ಕೈ ಚಾಚುವಳು.

"ಹೇಳಿ ತಾತ, ನಮ್ಮ ಟೀಮಿಗೆ ಎಷ್ಟು?"

"ಮನೆ ಮಾಲಿಗೆ ನಾನು ಬೆಲೆ ಕಟ್ಟಲ್ಲ."

"ಒಂದು ಸಲ ತಾತ!"

"ಕಟ್ಟಲ್ಲ ಅಂದ್ರೆ ಕಟ್ಟಲ್ಲ. ಹೋಗು, ಓದ್ಕೋ ಹೋಗು."

ಒಂದು ದಿನ ಮೇಲೆ ಬಂದು ಬ್ಯಾಗನ್ನು ಮಂಚದ ಮೇಲೆ ಎಸೆದು ಅತ್ತಳು. "ಅಮ್ಮ, ನಾನು ಕೆಳಗಿನ ಸಾಲು ಅಲ್ವಾ? ಅದಕ್ಕೇ ತಾತ ಹೇಳ್ತಿಲ್ಲ." ನನಗೂ ಮಾವನ ಮೇಲೆ ಸಿಟ್ಟು ಬಂತು. ಬೀದಿಯಲ್ಲಿ ಹೋಗುವ ಸೊಪ್ಪಿನ ಜಾತಿಗೆಲ್ಲ ಭವಿಷ್ಯ ಹೇಳುತ್ತಾರೆ, ಮನೆಯ ಮಗುವಿಗೆ ಒಂದು ಬೆರಳು ಹೆಚ್ಚು ಹಿಡಿದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಸೆಮಿಫೈನಲ್ ಶೂಟಿಂಗಿಗೆ ಮಾವನಿಗೆ ಪ್ರವೇಶವಿರಲಿಲ್ಲ, ಕಾರಣ ನಿಮಗೆ ಗೊತ್ತೇ ಇದೆ. ನಾನೊಬ್ಬಳೇ ಹೋದೆ. ಅಬ್ಬಾ, ಎಂಥಾ ಪಂದ್ಯ! ಅವರು ಹತ್ತು ಅಂಕ ಮುಂದೆ, ಇವರು ಹತ್ತು ಅಂಕ ಮುಂದೆ. ನನ್ನ ಕೈಯಲ್ಲಿದ್ದ ಕರ್ಚೀಫು ಹಿಂಡಿ ಹಿಂಡಿ ಹಗ್ಗವಾಗಿತ್ತು. ಒಂಟಿ ಸುತ್ತಿನ ಕೊನೆಗೆ ಎರಡೂ ಟೀಮು ಸಮ ಸಮ, ಉಳಿದದ್ದು ಒಂದೇ ಪ್ರಶ್ನೆ. ಅದು ನನ್ನ ಮಗಳ ಪಾಲಿಗೆ ಬಂತು.

"ಸೀಮೆಬದನೆಕಾಯಿಯ ಮೂಲ ಯಾವ ಖಂಡ?"

ನಾನು ಕುರ್ಚಿಯಲ್ಲೇ ಅರ್ಧ ಎದ್ದೆ. ತರಕಾರಿ ಪ್ರಶ್ನೆ! ನಮ್ಮ ಮನೆ ಹುಡುಗಿಗೆ! ಮರುಕ್ಷಣವೇ ಮತ್ತೆ ಕೂತುಬಿಟ್ಟೆ. ಯಾಕೆಂದರೆ ಸೀಮೆಬದನೆಯ ವಿಷಯದಲ್ಲಿ ಮಾವನಿಗೆ ಒಂದು ಹುಚ್ಚು ಅಭಿಮಾನ. ಆಂಧ್ರದ ಲಾರಿಯವರು ಅದನ್ನು ಬೆಂಗಳೂರು ವಂಕಾಯ ಎನ್ನುತ್ತಾರೆ, ತಮಿಳಿನವರೂ ಬೆಂಗಳೂರು ಕತ್ತರಿಕಾಯಿ ಎನ್ನುತ್ತಾರೆ. "ಊರೋರೆಲ್ಲ ನಮ್ಮೂರ ಹೆಸರಲ್ಲಿ ಕರೀತಾರೆ ಅಂದ್ರೆ ಏನರ್ಥ? ಅದು ಹುಟ್ಟಿದ್ದೇ ಇಲ್ಲಿ, ನಮ್ಮ ಹಿರೀಕರ ತೋಟದಲ್ಲಿ!" ಎಂದು ಮಂಡಿಯಲ್ಲಿ ಸಾವಿರ ಸಲ ಹೇಳಿದ್ದರು. ಸಿಂಚನಳಿಗೆ ತುತ್ತಿಟ್ಟು ತಿನ್ನಿಸುವಾಗಲೂ ಅದನ್ನೇ ಹೇಳಿದ್ದರು. ಪುಸ್ತಕದಲ್ಲಿ ಓದಿದ್ದಾದರೆ ಮಗು ಒಂದು ಕ್ಷಣ ಯೋಚಿಸುತ್ತಿತ್ತೋ ಏನೋ. ತಾತ ಹೇಳಿದ್ದಕ್ಕೆ ಯೋಚಿಸುವುದೇನು?

"ಏಷ್ಯಾ ಸರ್! ನಮ್ಮ ಬೆಂಗಳೂರೇ!" ಎಂದಳು, ಮುಖ ಅರಳಿಸಿಕೊಂಡು.

ಅದು ಮೆಕ್ಸಿಕೋ ಕಡೆಯದಂತೆ, ಉತ್ತರ ಅಮೆರಿಕ. ಪ್ರಶ್ನೆ ಆ ಕಡೆಗೆ ಹೋಯಿತು, ಅವರು ಸರಿಯಾಗಿ ಹೇಳಿದರು, ಫೈನಲ್ಲಿಗೆ ಹೋದರು.

ಮೆಟ್ರೋದಲ್ಲಿ ಬರುವಾಗ ಸಿಂಚನ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದಳು. "ಅಮ್ಮ, ಇದು ಟಿವೀಲಿ ಬರುತ್ತಲ್ವಾ? ಎಲ್ರೂ ನೋಡ್ತಾರಲ್ವಾ?" ಎಂದು ಕೇಳಿದಳು. ಸೋತದ್ದಕ್ಕಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದದ್ದು ಅದು. ತರಕಾರಿಯವರ ಮನೆ ಹುಡುಗಿಗೆ ತರಕಾರಿಯೇ ಗೊತ್ತಿಲ್ಲ, ಅವಳಿಂದಲೇ ಟೀಮು ಸೋತಿತು ಎಂದು ಬೀದಿಯೆಲ್ಲ ಆಡಿಕೊಂಡು ನಗುತ್ತದೆ. ಪ್ರಸಾರವಾಗುವ ತನಕ ಫಲಿತಾಂಶವನ್ನು ಯಾರಿಗೂ ಹೇಳುವುದಿಲ್ಲ ಎಂದು ಬೇರೆ ಸಹಿ ಮಾಡಿಸಿಕೊಂಡಿದ್ದರು. ಮೂರು ವಾರ ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆವು. ಹೂವಿನ ಅಂಗಡಿಯಾಕೆ ಅಡ್ಡ ಹಾಕಿ, "ಗೆದ್ರೇನಮ್ಮಾ?" ಎಂದರೆ ಹಲ್ಲು ಕಿರಿದು ತಪ್ಪಿಸಿಕೊಳ್ಳುತ್ತಿದ್ದೆ. ಸಿಂಚನ ಬೀದಿಗಿಳಿಯುವುದನ್ನೇ ಬಿಟ್ಟಳು.

ಆ ಭಾನುವಾರ ಬಂದೇ ಬಂತು. ಮಾವನ ಮನೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಇಸ್ತ್ರಿ ಅಂಗಡಿಯವನು ಅಂಗಡಿ ಮುಚ್ಚಿಕೊಂಡು ಬಂದಿದ್ದ. ಅತ್ತೆ ದೊಡ್ಡ ಪಾತ್ರೆಯಲ್ಲಿ ಕೇಸರಿಬಾತ್ ಮಾಡಿಟ್ಟಿದ್ದರು. ಸಿಂಚನ ನನ್ನ ಸೆರಗು ಹಿಡಿದುಕೊಂಡು ಬಾಗಿಲ ಸಂದಿಯಲ್ಲಿ ನಿಂತಳು. ಮೇಷ್ಟ್ರು ನೋಟ್ ಬುಕ್ಕು ತೆರೆದು, ಗಂಟಲು ಸರಿ ಮಾಡಿಕೊಂಡು, "ಬೇಜಾರ್ ಮಾಡ್ಕೋಬೇಡಮ್ಮ ಸಿಂಚನಾ, ಲೆಕ್ಕ ಮಾತ್ರ ಆ ಕಡೆ ಟೀಮಿಗೆ ಇದೆ" ಎಂದರು. ಎಲ್ಲರೂ ಮಾವನ ಕಡೆ ತಿರುಗಿದರು.

ಮಾವನ ಹೆಗಲ ಮೇಲೆ ಟವೆಲ್ ಇರಲಿಲ್ಲ. ಕಿವಿಯಲ್ಲಿ ಹತ್ತಿಯೂ ಇರಲಿಲ್ಲ. ಬೆತ್ತದ ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, ಬಲಗೈಯನ್ನು ಮೇಲೆತ್ತಿ, ಐದೂ ಬೆರಳು ಬಿಡಿಸಿ ಎಲ್ಲರಿಗೂ ಕಾಣುವಂತೆ ತೋರಿಸಿದರು.

"ಐದಕ್ಕೈದು! ನಮ್ಮ ಹುಡುಗಿ ಟೀಮೇ ಫೈನಲ್ಲಿಗೆ ಹೋಗೋದು. ಹೋಗ್ಲಿಲ್ಲ ಅಂದ್ರೆ ಕೇಳಿ!"

ಮನೆ ತುಂಬ ಶಿಳ್ಳೆ! ಇಷ್ಟು ದಿನ ಸುಮ್ಮನಿದ್ದ ಮನುಷ್ಯ ಇವತ್ತೇ ಬಾಯಿ ಬಿಡಬೇಕಿತ್ತೇ? "ಮಾವ, ಬೇಡ, ಸುಮ್ನೆ ನೋಡೋಣ" ಎಂದು ಹತ್ತಿರ ಹೋಗಿ ಪಿಸುಗುಟ್ಟಿದೆ. "ನೀನು ಸುಮ್ನಿರೇ" ಎಂದು ಗದರಿದರು.

ಕಾರ್ಯಕ್ರಮ ಶುರುವಾಯಿತು. ಮಾವ ಪ್ರತಿ ಪ್ರಶ್ನೆಗೂ ತೊಡೆ ತಟ್ಟಿದರು. ಕೊನೆಯ ಪ್ರಶ್ನೆ ಬಂತು. ಟಿವಿಯಲ್ಲಿ "ಸೀಮೆಬದನೆಕಾಯಿಯ ಮೂಲ ಯಾವ ಖಂಡ" ಎನ್ನುವುದು ಮುಗಿದಿತ್ತೋ ಇಲ್ಲವೋ, ಮಾವ ಕುರ್ಚಿಯಿಂದ ನೆಗೆದು ನಿಂತರು.

"ಬೆಂಗಳೂರು! ನಮ್ಮ ಬೆಂಗಳೂರಿಂದೇ ಅದು! ಬರ್ಕೊಳ್ಳಿ ಮೇಷ್ಟ್ರೇ, ನನಗೆ ಗೊತ್ತಿರೋದು ಇದೊಂದೇ ಪ್ರಶ್ನೆ!"

ಆಮೇಲೆ ಟಿವಿಯಲ್ಲಿದ್ದ ಸಿಂಚನ ಬಾಯಿ ತೆರೆದು ಏಷ್ಯಾ ಎಂದಳು. ತಪ್ಪು ಎಂದು ಕೆಂಪು ದೀಪ ಹತ್ತಿತು. ಮಾವ ಟಿವಿಯ ಮುಂದೆ ಹೋಗಿ ಬೆರಳು ಅಲ್ಲಾಡಿಸುತ್ತಾ, "ಏನ್ರೀ ತಪ್ಪು? ಯಾವನ್ರೀ ಹೇಳಿದ್ದು ತಪ್ಪು ಅಂತ? ಮಾರ್ಕೆಟ್ಟಿಗೆ ಬನ್ರೀ, ತೋರಿಸ್ತೀನಿ!" ಎಂದು ಟಿವಿಯವನ ಜೊತೆ ಜಗಳಕ್ಕೇ ನಿಂತರು.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಸಾಹುಕಾರ್ರೇ, ಹೆಸರಲ್ಲೇ ಇದೆಯಲ್ರೀ! ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆಬದನೆ. ಸೀಮೆ ಅಂದ್ರೆ ಹೊರಗಿಂದ ಬಂದಿದ್ದು ಅಂತ! ನಲವತ್ತು ವರ್ಷ ಮಾರಿದೀರಿ, ಹೆಸರು ಏನು ಅಂತ ಒಂದು ದಿನಾನೂ ಯೋಚಿಸ್ಲಿಲ್ವಲ್ರೀ!"

ಮನೆಯೆಲ್ಲ ಘೊಳ್ಳೆಂದು ನಕ್ಕಿತು. "ಮಗೂಗೆ ತಪ್ಪು ಹೇಳ್ಕೊಟ್ಟಿದ್ದೇ ಇವರು!" ಎಂದು ಇಸ್ತ್ರಿ ಅಂಗಡಿಯವನು ಹೊಟ್ಟೆ ಹಿಡಿದುಕೊಂಡ. "ಹಿರೀಕರ ತೋಟ ಮೆಕ್ಸಿಕೋದಲ್ಲಿತ್ತಾ ಯಜಮಾನ್ರೇ?" ಎಂದರು ಇನ್ಯಾರೋ. ಬಾಗಿಲ ಸಂದಿಯ ಹುಡುಗಿಯ ಕಡೆ ಯಾರೂ ನೋಡಲಿಲ್ಲ. ನೋಡಿದ ಹೂವಿನ ಅಂಗಡಿಯಾಕೆ ಕೂಡ ಅವಳ ಕೆನ್ನೆ ಚಿವುಟಿ, "ಈ ಮುದುಕನ ಮಾತು ಯಾಕೆ ನಂಬ್ದೆ ಕಂದಾ, ಎಷ್ಟು ಚೆನ್ನಾಗಿ ಹೇಳ್ತಿದ್ದೆ" ಎಂದು ಕೇಸರಿಬಾತಿನ ತಟ್ಟೆಯನ್ನು ಅವಳ ಕೈಗಿಟ್ಟಳು. ಮಾವ ಮಾತಿನಂತೆ ಬೆತ್ತದ ಕುರ್ಚಿಯನ್ನು ಮೇಷ್ಟ್ರ ಮುಂದೆ ಇಟ್ಟು, ತಾವು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಮೇಷ್ಟ್ರು ಅದರ ಮೇಲೆ ಕೂತು ಕಾಲಮೇಲೆ ಕಾಲು ಹಾಕಿಕೊಂಡರು. ಬೀದಿಗೆ ಇನ್ನು ಆರು ತಿಂಗಳಿಗಾಗುವಷ್ಟು ನಗು ಸಿಕ್ಕಿತ್ತು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನಾನೂ ಸಿಂಚನಳೂ ಲೋಟ ತೊಳೆಯುತ್ತಿದ್ದೆವು. ಮೂರು ವಾರದಲ್ಲಿ ಮೊದಲ ಸಲ ಅವಳು ಹಾಡು ಗುನುಗುತ್ತಿದ್ದಳು. ನನಗೆ ಮಾವನದೇ ಯೋಚನೆ. "ಪಾಪ ಕಣೇ ತಾತ. ಒಂದು ಸಲಾನೂ ತಪ್ಪಿರ್ಲಿಲ್ಲ, ಇವತ್ತು ಎಲ್ರ ಮುಂದೆ ಮರ್ಯಾದೆ ಹೋಯ್ತು. ಮೊದಲೇ ಹೇಳಿಬಿಡಬೇಕಿತ್ತು ನಾನು" ಎಂದೆ.

ಸಿಂಚನ ಲೋಟ ಕೆಳಗಿಟ್ಟಳು.

"ತಾತಂಗೆ ಗೊತ್ತಿತ್ತಮ್ಮ. ಶೂಟಿಂಗ್ ಮುಗಿಸ್ಕೊಂಡು ಬಂದ ದಿನಾನೇ ತಡೆಯಕ್ಕಾಗ್ದೆ ನಾನೇ ಎಲ್ಲಾ ಹೇಳ್ಬಿಟ್ಟೆ. ಬೀದೀಲೆಲ್ಲ ನಗ್ತಾರೆ ತಾತ ಅಂತ ಅತ್ಬಿಟ್ಟೆ."

ಹೊರಗೆ ನೆಲದ ಮೇಲೆ ಗೋಡೆಗೊರಗಿಕೊಂಡು ನಿದ್ದೆ ಹೋಗಿದ್ದ ಆ ಮುದುಕನ ಕಡೆ ನೋಡಿದೆ.

"ಏನಂದ್ರು?"

"ನನ್ನ ಕಣ್ಣು ಒರೆಸಿದ್ರು. ಆಮೇಲೆ, 'ಅದು ಎಷ್ಟನೇ ಪ್ರಶ್ನೆ ಅಂತ ಮಾತ್ರ ಸರಿಯಾಗಿ ಹೇಳು ಪುಟ್ಟಾ, ನಿನಗಿಂತ ಮುಂಚೆ ನಾನು ಕೂಗ್ಬೇಕು' ಅಂದ್ರು."